ಹೆಸರು ಹಿಡಿದು ಕೇಳಿದ ಪ್ರಶ್ನೆ

ಬೀದಿಗೆಲ್ಲ ಆಕೆ ಬ್ರೆಡ್ಡಕ್ಕ. ಮನೆಯ ಮುಂದಿನ ಕೋಣೆಯೇ ಬೇಕರಿ, ಹಿಂದಿನ ಅಂಗಳದಲ್ಲಿ ಸೌದೆ ಉರಿಸುವ ಭಟ್ಟಿ, ನಡುವೆ ಸಂಸಾರ. ಭಟ್ಟಿ ಗಂಡನದು, ಹಿಟ್ಟು ಆಕೆಯದು. "ಬೆಂಕಿ ಅವರದು, ಬಾಯಿ ನಂದು. ಅದಕ್ಕೇ ಸಂಸಾರ ನಡೀತಿದೆ" ಎಂದು ಗಿರಾಕಿಗಳ ಎದುರಿಗೇ ಹೇಳುತ್ತಿದ್ದಳು. ಒಳಗಿದ್ದ ಗಂಡ ಅದನ್ನು ಕೇಳಿಸಿಕೊಂಡು, ಇನ್ನೊಂದು ಸೌದೆಯನ್ನು ಭಟ್ಟಿಗೆ ತಳ್ಳುತ್ತಿದ್ದ.

ಮುಂದಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಗಳ ಹಿಂದೆ, ಉದ್ದನೆಯ ಮರದ ಮೇಜೊಂದಿತ್ತು. ಅದರ ಒಂದು ತುದಿಯಲ್ಲಿ ಹಿಟ್ಟು ನಾದುವುದು, ಇನ್ನೊಂದು ತುದಿಯಲ್ಲಿ ಪಾಠ. ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಅದು ಉಬ್ಬಿ ಬರುವವರೆಗಿನ ಹೊತ್ತೇ ತರಗತಿ. ಹಿಟ್ಟು ಬಟ್ಟೆಯನ್ನು ಮೇಲೆತ್ತಿತು ಎಂದರೆ ಪಾಠ ಮುಗಿಯಿತು. ಪುಸ್ತಕ ಮುಚ್ಚಿ ಎಲ್ಲರೂ ಉಂಡೆ ಕಟ್ಟಲು ಕೈ ಹಾಕಬೇಕು. ಸೆಕೆಯ ದಿನ ಹಿಟ್ಟು ಬೇಗ ಉಬ್ಬುತ್ತದೆ, ಚಳಿಯ ದಿನ ತಡ. "ಚಳಿಗಾಲದಲ್ಲಿ ನಮಗೆ ಬುದ್ಧಿ ಜಾಸ್ತಿ ಬರುತ್ತೆ" ಎನ್ನುತ್ತಿದ್ದಳು ಕಿರಿಯ ಮಗಳು.

ಈ ಕಿರಿಯವಳನ್ನು ಮನೆಯಲ್ಲಿ ಕರೆಯುತ್ತಿದ್ದುದು ಪಿಟೀಲು ಎಂದು. ಕೂಸಾಗಿದ್ದಾಗ ಸಣ್ಣ ದನಿ ತೆಗೆದು ನಿಲ್ಲಿಸದೆ ಅಳುತ್ತಿದ್ದಳಂತೆ. ಅಜ್ಜಿ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಈಗ ಹತ್ತು ವರ್ಷ. ದೊಡ್ಡವಳು ಇವಳಿಗಿಂತ ಎಂಟು ವರ್ಷ ಹಿರಿಯಳು, ಮನೆಯಲ್ಲೇ ಓದಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಪಾಸಾಗಿ, ಈಗ ವೈರಿಂಗ್ ಕೆಲಸ ಕಲಿಯುತ್ತಿದ್ದಳು. ಬೇಕರಿಯ ಹಿಟ್ಟಿನ ಮಿಕ್ಸರ್ ಕೆಟ್ಟರೆ ಈಗ ಮೆಕ್ಯಾನಿಕ್‌ಗೆ ಹೇಳಿಕಳಿಸುವ ಗೋಜೇ ಇರಲಿಲ್ಲ.

ದೊಡ್ಡವಳನ್ನು ಮೊದಲು ಸೇರಿಸಿದ್ದು ಹಿಂದಿನ ಬೀದಿಯ ಸರ್ಕಾರಿ ಶಾಲೆಗೇ. ಒಂದನೇ ಕ್ಲಾಸು ಮುಗಿಯುವ ಹೊತ್ತಿಗೆ ಬ್ರೆಡ್ಡಕ್ಕ ಆಗಿನ ಟೀಚರನ್ನು ನೋಡಲು ಹೋಗಿದ್ದಳು. ಟೀಚರು ನಗುನಗುತ್ತಾ ಕೂರಿಸಿ, "ನಿಮ್ಮ ಮಗಳು ಎಷ್ಟು ಚೆನ್ನಾಗಿ ಹಾಡ್ತಾಳೆ, ನಮ್ಮ ಕ್ಲಾಸಿಗೇ ಕಳೆ ಅವಳು" ಎಂದು ಹೊಗಳಿದರು. ದೊಡ್ಡವಳಿಗೆ ಹಾಡಲು ಬರುತ್ತಲೇ ಇರಲಿಲ್ಲ. ಭಾನುವಾರ ಚರ್ಚಿನ ಸಭೆಯಲ್ಲಿ ಎಲ್ಲರ ಜೊತೆ ಹಾಡುವಾಗಲೂ ತಂದೆಯ ಹಾಗೆ ಬರೀ ತುಟಿ ಆಡಿಸುವವಳು. ಟೀಚರು ವರ್ಷವಿಡೀ ಇನ್ಯಾವುದೋ ಮಗುವನ್ನು ಇವಳೆಂದು ತಿಳಿದಿದ್ದರು.

ಬ್ರೆಡ್ಡಕ್ಕನಿಗೆ ಸಿಟ್ಟು ಬರಲಿಲ್ಲ. ಒಂದು ಕೋಣೆಯಲ್ಲಿ ಅಷ್ಟೊಂದು ಮಕ್ಕಳನ್ನು ತುಂಬಿಸಿದರೆ ಆಯಮ್ಮನಾದರೂ ಏನು ಮಾಡಿಯಾಳು ಎಂದುಕೊಂಡಳು. ಆದರೆ ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುವ ಬೈಬಲಿನ ಕುರುಬನ ಮಾತು ಕೇಳುತ್ತಾ ಬೆಳೆದವಳು ಆಕೆ. ಮನೆಗೆ ಬಂದು ಗಂಡನಿಗೆ, "ನಮ್ಮ ಮಗು ಅಲ್ಲಿ ಯಾರಿಗೂ ಗೊತ್ತೇ ಇಲ್ಲ ಕಣ್ರೀ" ಎಂದಳು. ಮರುದಿನದಿಂದ ದೊಡ್ಡವಳು ಮೇಜಿನ ತುದಿಗೆ ಬಂದು ಕೂತಳು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಬೈಬಲ್ ವಾಕ್ಯ ಓದುವುದು, ಆಮೇಲೆ ಲೆಕ್ಕ, ಭಾಷೆ. ತಾಯಿಗೆ ಗೊತ್ತಿದ್ದದ್ದು ತಾಯಿ ಹೇಳಿಕೊಟ್ಟಳು. ಗೊತ್ತಿಲ್ಲದ್ದನ್ನು ಮೊದಲು ತಾನು ಕಲಿತು, ಆಮೇಲೆ ಹೇಳಿಕೊಟ್ಟಳು.

ಅಂಗಡಿಯೊಳಗಿನ ಶಾಲೆಗೆ ಒಂದು ತೊಡಕಿತ್ತು. ಪಾಠದ ನಡುವೆ ಗಿರಾಕಿಗಳು ಬರುತ್ತಲೇ ಇರುತ್ತಾರೆ. "ಬಿಸಿ ಬನ್ನು ಇದ್ಯಾ?" "ರಸ್ಕು ಇವತ್ತಿಂದಾ ನಿನ್ನೇದಾ?" ಪ್ರತಿ ಪ್ರಶ್ನೆಗೂ ಮಕ್ಕಳು ತಲೆ ಎತ್ತಿ ಉತ್ತರ ಕೊಟ್ಟುಬಿಡುತ್ತಿದ್ದರು, ಒಮ್ಮೆಯಂತೂ ದೊಡ್ಡವಳು, "ನಿನ್ನೇದು, ಅಮ್ಮ ಇವತ್ತಿಂದು ಅಂತ ಹೇಳ್ಬೇಕು ಅಂದ್ಕೊಂಡಿದ್ದಾಳೆ" ಎಂದು ಮಾನ ಕಳೆದಿದ್ದಳು. ಆವತ್ತೇ ಬ್ರೆಡ್ಡಕ್ಕ ಕಟ್ಟುನಿಟ್ಟು ಮಾಡಿದಳು. ಹೆಸರು ಹಿಡಿದು ಕೇಳಿದ್ದಕ್ಕೆ ಮಾತ್ರ ಉತ್ತರ. ಮಿಕ್ಕ ಪ್ರಶ್ನೆ ಯಾವುದೇ ಇರಲಿ, ಯಾರದೇ ಇರಲಿ, ಅದು ನಮ್ಮದಲ್ಲ. ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲ. ತಾನೂ ಹಾಗೇ ಪಾಲಿಸಿದಳು: "ಪಿಟೀಲು, ಮುಕ್ಕಾಲು ಕೇಜಿಲಿ ಅರ್ಧ ಎಷ್ಟು?" ಎಂದು ಹೆಸರು ಮುಂದಿಟ್ಟೇ ಕೇಳುವುದು. ಅಂಗಡಿ ತುಂಬ ಜನ ಗಲಗಲ ಎನ್ನುತ್ತಿದ್ದರೂ ಮಕ್ಕಳು ಕಿವಿಗೆ ಬಾಗಿಲು ಹಾಕಿಕೊಂಡವರ ಹಾಗೆ ಕೂತು ಬರೆಯುತ್ತಿದ್ದರು. ನೋಡಿದವರು ಬೆರಗಾಗುತ್ತಿದ್ದರು.

ಹಾಗೆ ಬೆರಗಾದವರಲ್ಲಿ ಸಭೆಯ ಹೆಂಗಸರೂ ಇದ್ದರು. ದರ್ಜಿಯ ಹೆಂಡತಿ ತನ್ನ ಇಬ್ಬರು ಗಂಡುಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಓದಿಸಲು ಶುರುಮಾಡಿದ್ದು ಬ್ರೆಡ್ಡಕ್ಕನನ್ನು ನೋಡಿಯೇ. ಲೆಕ್ಕ ಬಂದರೆ ಅವಳಿಗೆ ತಲೆ ತಿರುಗುತ್ತಿತ್ತು. ಆದ್ದರಿಂದ ಲೆಕ್ಕಕ್ಕೆ ಆ ಇಬ್ಬರೂ ಇದೇ ಮೇಜಿಗೆ ಬರುತ್ತಿದ್ದರು, ಒಬ್ಬ ಬೆಳಿಗ್ಗೆ, ಇನ್ನೊಬ್ಬ ಮಧ್ಯಾಹ್ನ. ಇನ್ನೂ ಕೆಲವು ಮನೆಗಳಲ್ಲಿ ಆ ಮಾತು ನಡೆದಿತ್ತು. ಎಲ್ಲರ ಬಾಯಲ್ಲೂ ಒಂದೇ: ಬ್ರೆಡ್ಡಕ್ಕನ ಕೈಯಲ್ಲಿ ಆಗಿದ್ದು ನಮ್ಮ ಕೈಯಲ್ಲಿ ಆಗದೇ?

ಒಪ್ಪದವರು ಒಬ್ಬರೇ, ಅತ್ತೆ. ಬಾಗಿಲ ಪಕ್ಕದ ಕುರ್ಚಿ ಅವರ ಸಿಂಹಾಸನ. ಮಧ್ಯಾಹ್ನ ಶಾಲೆಯ ಬಿಡುವಿನ ಹೊತ್ತಿಗೆ ಬ್ರೆಡ್ಡಕ್ಕ ಬನ್ನಿನ ತಟ್ಟೆ ಹೊತ್ತು ಹಿಂದಿನ ಬೀದಿಗೆ ಹೊರಟರೆ ಅತ್ತೆ ತಪ್ಪದೆ ಒಂದು ಮಾತು ಹಾರಿಸುತ್ತಿದ್ದರು.

"ಹೋಗಿಬಾ ತಾಯಿ. ನಿನ್ನ ಬನ್ನು ಆ ಶಾಲೆಗೆ ಹೋಗಬಹುದು, ಮಕ್ಕಳು ಮಾತ್ರ ಹೋಗಬಾರದು."

"ಬನ್ನಿಗೆ ದೇವರ ಭಯ ಕಲಿಸೋದು ಬೇಡವಲ್ಲ ಅತ್ತೆ."

"ನಾನೂ ಓದಿದ್ದು ಆ ಶಾಲೇಲೇ. ನನ್ನ ಪ್ರಾರ್ಥನೆ ಏನು ಸವೆದುಹೋಗಿದ್ಯಾ?"

ಅತ್ತೆಯಷ್ಟು ಪ್ರಾರ್ಥನೆ ಮಾಡುವವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಸೊಸೆ ನಗುತ್ತಾ ತಟ್ಟೆ ಹೊತ್ತು ಹೊರಡುತ್ತಿದ್ದಳು.

ಒಂದು ದಿನ ಪಿಟೀಲೂ ತಟ್ಟೆ ಹಿಡಿದು ಜೊತೆಗೆ ಹೋದಳು. ಶಾಲೆಯ ಅಂಗಳದಲ್ಲಿ ಮಕ್ಕಳು ಹಗ್ಗ ಹಿಡಿದು ಎರಡು ಕಡೆಯಾಗಿ ಎಳೆಯುತ್ತಿದ್ದರು. ಒಂದು ಕಡೆಯವರು ದೊಪ್ಪನೆ ಬಿದ್ದು, ಬಿದ್ದಲ್ಲೇ ನಕ್ಕರು. ಪಿಟೀಲು ಬನ್ನು ಕೊಡುವುದನ್ನೂ ಮರೆತು ನೋಡುತ್ತಾ ನಿಂತಳು. ಅವತ್ತು ಮನೆಗೆ ಬಂದವಳು ಹಿಟ್ಟಿನ ಉಂಡೆ ಕಟ್ಟುತ್ತಾ ಹೇಳಿದಳು:

"ಅಮ್ಮ, ನಾನು ಶಾಲೆಗೆ ಹೋಗ್ಲಾ?"

"ಇದೇನು, ಇಲ್ಲಿ ಪಾಠ ಸಾಲದಾ?"

"ಪಾಠ ಸಾಕು. ಇಲ್ಲಿ ನಾನೇ ಫಸ್ಟು, ನಾನೇ ಲಾಸ್ಟು. ಹಗ್ಗ ಎಳೆಯೋಕೆ ಆ ಕಡೆನೂ ಯಾರಾದ್ರೂ ಬೇಕಲ್ಲಮ್ಮ."

ಕುರ್ಚಿಯಲ್ಲಿದ್ದ ಅತ್ತೆ ಸೊಸೆಯ ಮುಖ ನೋಡಿ ನಕ್ಕರು. ಅದೇ ಬ್ರೆಡ್ಡಕ್ಕನಿಗೆ ಹೆಚ್ಚು ಚುಚ್ಚಿತು.

ಆಕೆ ಬೇಡ ಎಂದಳು. ಮರುದಿನ ಹುಡುಗಿ ಮತ್ತೆ ಕೇಳಿದಳು. ರಚ್ಚೆ ಹಿಡಿಯಲಿಲ್ಲ, ಮುಖ ಊದಿಸಲಿಲ್ಲ, ಬರೀ ಕೇಳಿದಳು. ವಾರಗಟ್ಟಲೆ ಕೇಳಿದಳು. ಕೊನೆಗೆ ಬ್ರೆಡ್ಡಕ್ಕ ಸಭೆಯ ಪಾಸ್ಟರನ್ನು ಕೇಳಲು ಹೋದಳು. ಅವರು ಬೇಡ ಎಂದರೆ ಮಗಳಿಗೆ ಹೇಳಲು ಒಂದು ಆಧಾರವಾದರೂ ಸಿಗುತ್ತದೆ ಎಂಬ ಲೆಕ್ಕ. ಪಾಸ್ಟರು ಚಹಾ ಲೋಟ ಕೆಳಗಿಟ್ಟು, "ನೋಡಮ್ಮ, ನನ್ನ ಮಕ್ಕಳು ಸರ್ಕಾರಿ ಶಾಲೆಲೇ ಓದ್ತಿರೋದು. ಭಕ್ತಿ ಕಮ್ಮಿ ಅಂತಲ್ಲ. ನಾನು ಪಾಠ ಹೇಳೋಕೆ ಕೂತರೆ ಅದು ಭಾನುವಾರದ ಪ್ರಸಂಗ ಆಗ್ಬಿಡುತ್ತೆ, ಮಕ್ಕಳು ನಿದ್ದೆ ಹೋಗ್ತಾರೆ. ಎರಡೂ ಕಡೆ ದೇವರ ಮಕ್ಕಳಿದ್ದಾರೆ. ಇದನ್ನ ನನ್ನ ತಲೆ ಮೇಲೆ ಹಾಕಬೇಡಿ" ಎಂದು ಕೈ ತೊಳೆದುಕೊಂಡರು.

ಗಂಡನನ್ನು ಕೇಳಿದರೆ, "ಹಿಟ್ಟು ನಿಂದು" ಎಂದ. ಇನ್ನೊಂದು ಸೌದೆ ತಳ್ಳಿ, "ಆದ್ರೆ ಒಂದು ಸಲ ಭಟ್ಟಿಗೆ ಹಾಕಿ ನೋಡಬಹುದು" ಎಂದು ಸೇರಿಸಿದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಶಾಲೆಯ ಹೆಡ್‌ಮಿಸ್ಸು ಬ್ರೆಡ್ಡಕ್ಕನ ಬನ್ನಿನ ಹಳೆಯ ಗಿರಾಕಿ. ಒಂದು ತಿಂಗಳು ಐದನೇ ಕ್ಲಾಸಿನಲ್ಲಿ ಕೂರಲಿ, ಮೇಷ್ಟ್ರು ನೋಡಿ ಹೇಳುತ್ತಾರೆ, ಹೊಂದಿಕೊಂಡರೆ ದಾಖಲೆ ಮಾಡೋಣ ಎಂದರು. ಹುಡುಗಿ ಹೊರಟ ದಿನ ಬ್ರೆಡ್ಡಕ್ಕ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಗಟ್ಟಿಯಾಗಿ ಹೇಳಿದ್ದು, ಮಗಳನ್ನು ಕಾಪಾಡು ಎಂದು. ಮನಸ್ಸಿನಲ್ಲಿ ಬೇಡಿದ್ದು, ಇದು ನಿನ್ನ ಚಿತ್ತ ಅಲ್ಲದಿದ್ದರೆ ಬಾಗಿಲು ಮುಚ್ಚಿಬಿಡು ಎಂದು. ನಿಜ ಹೇಳಬೇಕೆಂದರೆ, ಮುಚ್ಚಿಬಿಡು ಎನ್ನುವ ಮಾತಿನ ಮೇಲೇ ಆಕೆಯ ಜೀವವಿತ್ತು. ಹನ್ನೆರಡು ವರ್ಷ ಕಟ್ಟಿದ್ದನ್ನು ಸ್ವಂತ ಮಗಳೇ ದಾಟಿ ಹೋದರೆ, ತನ್ನನ್ನು ನೋಡಿ ಮಕ್ಕಳನ್ನು ಶಾಲೆ ಬಿಡಿಸಿದವರಿಗೆ ಏನೆಂದು ಮುಖ ತೋರಿಸುವುದು?

ಪಿಟೀಲು ದಿನಾ ಸಂಜೆ ಬಂದು, "ಚೆನ್ನಾಗಿತ್ತು" ಎನ್ನುತ್ತಿದ್ದಳು. ಹಗ್ಗ ಎಳೆದದ್ದು, ಬಿದ್ದದ್ದು, ಮೊಣಕೈ ತರಚಿದ್ದು ಎಲ್ಲ ಹೇಳುತ್ತಿದ್ದಳು. ಪಾಠದ ಸುದ್ದಿ ಬಂದಾಗ ಮಾತು ಬೇಗ ಮುಗಿಯುತ್ತಿತ್ತು.

ತಿಂಗಳು ತುಂಬುತ್ತಾ ಬಂದಾಗ, ಒಂದು ಮಧ್ಯಾಹ್ನ ಐದನೇ ಕ್ಲಾಸಿನ ಮೇಷ್ಟ್ರು ಬನ್ನಿನ ತಟ್ಟೆಯ ಹತ್ತಿರ ಬಂದು ನಿಂತರು. ತೆಳ್ಳನೆಯ ಮನುಷ್ಯ, ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ.

"ಅಕ್ಕ, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ನಿಮ್ಮ ಹುಡುಗಿ ಒಳ್ಳೇ ಹುಡುಗಿ. ತಂಟೆ ಇಲ್ಲ, ತಕರಾರಿಲ್ಲ. ಬೋರ್ಡ್ ಮೇಲೆ ಬರೆದಿದ್ದನ್ನ ಅಚ್ಚುಕಟ್ಟಾಗಿ ಬರ್ಕೊತಾಳೆ. ಆದ್ರೆ ಏನು ಕೇಳಿದ್ರೂ ಉತ್ತರ ಇಲ್ಲ."

"ಉತ್ತರ ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಹಾಜರಿ ಕೂಗಿದಾಗ ಮಾತ್ರ 'ಬಂದಿದ್ದೀನಿ ಸಾರ್' ಅಂತ ಗಟ್ಟಿಯಾಗಿ ಹೇಳ್ತಾಳೆ. ಆಮೇಲೆ ದಿನವಿಡೀ ಬಾಯಿಗೆ ಬೀಗ. ಹೊಸಬಳು, ಹೆದರಿಸಬಾರದು ಅಂತ ನಾನಾಗಿ ಎಬ್ಬಿಸಿ ಕೇಳಲಿಲ್ಲ. ತಾನಾಗಿ ಕೈ ಎತ್ತಲಿ ಅಂತ ಕಾದೆ. ಬನ್ನಿ, ಮುಂದಿನ ಪೀರಿಯಡ್ಡು ನೀವೇ ನೋಡಿ."

ಬ್ರೆಡ್ಡಕ್ಕ ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಕಿಟಕಿಯ ಪಕ್ಕ ನಿಂತಳು. ಒಳಗೆ ನಲವತ್ತಕ್ಕೂ ಹೆಚ್ಚು ತಲೆಗಳು. ಗೋಡೆಯ ಕಡೆಯ ಬೆಂಚಿನ ತುದಿಯಲ್ಲಿ ಪಿಟೀಲು, ಕೈಕಟ್ಟಿ, ಬೆನ್ನು ನೆಟ್ಟಗೆ.

"ಯಾರು ಹೇಳ್ತೀರಾ ಮಕ್ಕಳೇ, ಮುಕ್ಕಾಲರಲ್ಲಿ ಅರ್ಧ ಎಷ್ಟು?" ಎಂದರು ಮೇಷ್ಟ್ರು.

ಪಿಟೀಲಿನ ತುಟಿ ಅಲ್ಲಾಡಿತು. ಕಿಟಕಿಯಿಂದ ತಾಯಿಗೆ ಅದು ಚೆನ್ನಾಗಿ ಕಂಡಿತು. ಎಂಟನೇ ಮೂರು. ಹಿಟ್ಟು ತೂಗುವಾಗ ದಿನಾ ಹೇಳುವ ಲೆಕ್ಕ. ಆದರೆ ಕೈ ಮೇಲೇಳಲಿಲ್ಲ. ಮುಂದಿನ ಬೆಂಚಿನ ಹುಡುಗ "ಕಾಲು" ಎಂದ. ಇನ್ನೊಬ್ಬಳು "ಒಂದೂವರೆ" ಎಂದಳು, ಕ್ಲಾಸೆಲ್ಲ ನಕ್ಕಿತು. ಪಿಟೀಲು ನಗಲಿಲ್ಲ, ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು, ಊಟಕ್ಕೆ ಕೂತು ತನ್ನ ಸರದಿ ಬಂದೀತೆಂದು ಕಾಯುವವರ ಹಾಗೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಉತ್ತರ ತಾವೇ ಬರೆದರು.

ಬ್ರೆಡ್ಡಕ್ಕನಿಗೆ ಎಲ್ಲ ತಿಳಿಯಿತು. ಹೆಸರು ಹಿಡಿದು ಕೇಳದ ಪ್ರಶ್ನೆ ಅವಳದಲ್ಲ. ಗಿರಾಕಿಗಳ ಪ್ರಶ್ನೆಗೆ ಬಾಯಿ ಹಾಕದ ಹಾಗೇ, ಮೇಷ್ಟ್ರು ಕ್ಲಾಸಿಗೆಲ್ಲ ಹಾಕಿದ ಪ್ರಶ್ನೆಗೂ ಬಾಯಿ ಹಾಕದೆ, ಮರ್ಯಾದೆಯಿಂದ ಕೂತಿದ್ದಳು ಮಗಳು. ತಾಯಿ ಕಲಿಸಿದ್ದನ್ನು ಒಂದು ಕೂದಲೆಳೆಯಷ್ಟೂ ತಪ್ಪದೆ ಪಾಲಿಸುತ್ತಿದ್ದಳು.

ಗಂಟೆ ಹೊಡೆಯಿತು. ಮೇಷ್ಟ್ರು ಹೊರಗೆ ಬಂದು ದನಿ ತಗ್ಗಿಸಿ ಹೇಳಿದರು: "ನೋಡಿದ್ರಲ್ಲ. ಸೋಮವಾರದಿಂದ ಮೂರನೇ ಕ್ಲಾಸಲ್ಲಿ ಕೂರಿಸ್ಬೇಕಾಗುತ್ತೆ. ಅದು ಅವಳಿಗೂ ಬೇಜಾರು. ಬೇಸರ ಮಾಡ್ಕೋಬೇಡಿ ಅಕ್ಕ, ಇಂಥ ಮಕ್ಕಳಿಗೆ ಮನೆಯೇ ವಾಸಿ ಅನ್ಸುತ್ತೆ. ನೀವು ಕರ್ಕೊಂಡು ಹೋದ್ರೆ ಯಾರೂ ತಪ್ಪು ತಿಳ್ಕೊಳಲ್ಲ."

ಒಂದು ಮಾತು ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಬ್ರೆಡ್ಡಕ್ಕ ಖಾಲಿ ತಟ್ಟೆ ಕಂಕುಳಿಗೆ ಸೇರಿಸಿ, "ಯೋಚನೆ ಮಾಡಿ ಹೇಳ್ತೀನಿ ಸಾರ್" ಎಂದು ಹೊರಟುಬಿಟ್ಟಳು.

ಮನೆಗೆ ಬಂದು ಸಂಜೆಯ ಹಿಟ್ಟಿಗೆ ಕೈ ಹಾಕಿದಳು. ಬೇಡಿದ್ದು ಸಿಕ್ಕಿತ್ತು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅದೂ ಮೇಷ್ಟ್ರ ಕೈಯಿಂದಲೇ. ಯಾರೂ ಆಕೆಯನ್ನು ದೂರುವಂತಿರಲಿಲ್ಲ. ಶಾಲೆಗೆ ಕಳಿಸಿ ನೋಡಿದೆವು, ಮಗುವಿಗೆ ಒಗ್ಗಲಿಲ್ಲ, ವಾಪಸು ಕರೆತಂದೆವು. ಸಭೆಯ ಹೆಂಗಸರು ಕೇಳಿ ಸಮಾಧಾನಪಡುತ್ತಾರೆ. ಅತ್ತೆಗೂ ಬಾಯಿ ಕಟ್ಟುತ್ತದೆ. ಹಿಟ್ಟನ್ನು ಮಡಿಚಿ ಒತ್ತುತ್ತಾ, ಮಡಿಚಿ ಒತ್ತುತ್ತಾ ಆಕೆ ದೇವರಿಗೆ ಸ್ತೋತ್ರ ಹೇಳಲು ಬಾಯಿ ತೆರೆದಳು. ಸ್ತೋತ್ರ ಬರಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ನಿಲ್ಲುವ ಉತ್ತರ ದೇವರು ಕೊಟ್ಟ ಉತ್ತರ ಹೇಗಾದೀತು?

ಅಷ್ಟರಲ್ಲಿ ಪಿಟೀಲು ಬಂದಳು. ಚೀಲ ಇಳಿಸಿ, ಕೈತೊಳೆದು, ಎಂದಿನಂತೆ ಉಂಡೆ ಕಟ್ಟಲು ಪಕ್ಕಕ್ಕೆ ನಿಂತಳು.

"ಹೇಗಿತ್ತು?"

"ಚೆನ್ನಾಗಿತ್ತು." ಒಂದು ಉಂಡೆ ಕಟ್ಟಿ ತಟ್ಟೆಗಿಟ್ಟು, ಮೆಲ್ಲನೆ ಕೇಳಿದಳು: "ಅಮ್ಮ, ಮೇಷ್ಟ್ರಿಗೆ ನಾನು ಅಂದ್ರೆ ಇಷ್ಟ ಇಲ್ವೇನಮ್ಮ?"

"ಯಾಕೆ ಹಾಗಂತೀಯಾ?"

"ಇಷ್ಟು ದಿನ ಆಯ್ತು, ನನಗೆ ಅಂತ ಒಂದು ಪ್ರಶ್ನೆನೂ ಕೇಳಿಲ್ಲ. ಬೇರೆಯವರೆಲ್ಲ ಕೇಳದೇ ಇದ್ರೂ ಬಾಯಿ ಹಾಕ್ತಾರೆ. ನಾನು ಹಾಕಲ್ಲ. ಒಂದಲ್ಲ ಒಂದು ದಿನ ಕೇಳ್ತಾರೆ ಅಂತ ಕಾಯ್ತಾ ಇದ್ದೀನಿ."

ಹೆಸರು ಗೊತ್ತಿಲ್ಲದ ಕಡೆ ಮಗು ಇರಬಾರದು ಎಂದು ಬ್ರೆಡ್ಡಕ್ಕ ದೊಡ್ಡವಳನ್ನು ಕರೆತಂದಿದ್ದಳು. ಈಗ ಇವಳು ಹೆಸರು ಕೂಗಲಿ ಎಂದು ತಿಂಗಳಿಂದ ಕಾದು ಕೂತಿದ್ದಾಳೆ. ಮನೆಗೆ ಬಂದು ದೂರಲಿಲ್ಲ ಯಾಕೆಂದರೆ, ದೂರಿದರೆ ಅಮ್ಮ ಶಾಲೆ ಬಿಡಿಸಿಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಹಿಟ್ಟು ಮೆತ್ತಿದ ಕೈಯಲ್ಲೇ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. "ಮೇಷ್ಟ್ರು ದಿನಾ ಕೇಳ್ತಿದ್ದಾರೆ ಕಣೇ. ಅಲ್ಲಿ ಎಲ್ಲರನ್ನೂ ಒಟ್ಟಿಗೆ ಕೇಳಿದ್ರೆ ಅದರಲ್ಲಿ ನಿನ್ನ ಹೆಸರೂ ಸೇರಿರುತ್ತೆ. ಕೈ ಎತ್ತಿ ಹೇಳಿದ್ರೆ ಅದು ಬಾಯಿ ಹಾಕಿದ ಹಾಗಲ್ಲ."

"ನೀನೇ ಹೇಳಿದ್ದೆ, ಹೆಸರು ಹಿಡಿದು ಕೇಳಿದ್ರೆ ಮಾತ್ರ ಅಂತ."

"ಅದು ಅಂಗಡಿಗೆ. ಅಂಗಡಿಗೆ ಮಾತ್ರ ಅಂತ ಹೇಳೋದನ್ನ ನಾನು ಮರೆತೆ."

ಪಿಟೀಲು ತಲೆಯಾಡಿಸಿದಳು, ಆದರೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಇಷ್ಟು ವರ್ಷದ ಅಭ್ಯಾಸ ಒಂದು ಮಾತಿಗೆ ಬಿಟ್ಟುಹೋಗುತ್ತದೆಯೇ? ಬ್ರೆಡ್ಡಕ್ಕ ಅಂಗಡಿಯ ಬಾಗಿಲು ಸ್ವಲ್ಪ ಬೇಗನೆ ಎಳೆದಳು. ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದಳು, ಅತ್ತೆಯ ಕುರ್ಚಿಯನ್ನೂ ಎಳೆತಂದು ಹಾಕಿದಳು.

"ಈಗ ನಾನು ಪ್ರಶ್ನೆ ಕೇಳ್ತೀನಿ. ಯಾರ ಹೆಸರನ್ನೂ ಹೇಳಲ್ಲ. ಗೊತ್ತಿದ್ದವರು ಕೈ ಎತ್ತಬೇಕು."

"ನನಗೂ ಪರೀಕ್ಷೆನಾ? ಈ ವಯಸ್ಸಲ್ಲಿ?" ಎಂದರು ಅತ್ತೆ.

"ನೀವು ಸರ್ಕಾರಿ ಶಾಲೇಲಿ ಓದಿದವರಲ್ವಾ ಅತ್ತೆ, ನೋಡೋಣ. ಯಾರು ಹೇಳ್ತೀರಾ, ಹನ್ನೆರಡು ಹದಿನೈದಲೆ ಎಷ್ಟು?"

ಅತ್ತೆಯ ಕೈ ಮೊದಲು ಮೇಲೆ ಹೋಯಿತು. "ನೂರ ಐವತ್ತು."

"ತಪ್ಪು."

"ನಮ್ಮ ಕಾಲದಲ್ಲಿ ನೂರ ಐವತ್ತೇ ಇತ್ತು" ಎಂದರು ಅತ್ತೆ, ಒಂದಿಷ್ಟೂ ಅಳುಕದೆ.

ದೊಡ್ಡವಳು ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ತಂದೆ ಮೆಲ್ಲನೆ ಕೈ ಎತ್ತಿ, "ನೂರ ಎಂಬತ್ತು" ಎಂದ. ಪಿಟೀಲು ಬಾಯಿ ತೆರೆದು, ತಾಯಿಯ ಮುಖ ನೋಡಿ, ಮುಚ್ಚಿಕೊಂಡಳು.

"ಇನ್ನೊಂದು. ಎರಡೂವರೆ ಕೇಜಿ ಹಿಟ್ಟಿಗೆ ನೂರು ಗ್ರಾಮಿನ ಬನ್ನು ಎಷ್ಟಾಗುತ್ತೆ?"

"ಇಪ್ಪತ್ತು" ಎಂದರು ಅತ್ತೆ, ಈ ಸಲ ಕೈ ಕೂಡ ಎತ್ತದೆ.

"ಅಜ್ಜಿ, ಐದು ಬನ್ನು ನೀವು ತಿಂದ್ಬಿಟ್ರಾ?" ಎಂದಳು ದೊಡ್ಡವಳು.

"ನೀವಿಬ್ಬರೂ ಸುಮ್ನಿರಿ" ಎಂದು ಪಿಟೀಲು ಎದ್ದೇ ನಿಂತುಬಿಟ್ಟಳು. ಕೈ ಮೇಲಿತ್ತು. "ಇಪ್ಪತ್ತೈದು. ನನಗೆ ಆಗಲೇ ಗೊತ್ತಿತ್ತು, ಇವರು ಬಿಡ್ತಾನೇ ಇಲ್ಲ."

"ಬಿಡಲ್ಲ. ಯಾರೂ ಬಿಡಲ್ಲ. ನೀನೇ ಕಿತ್ಕೋಬೇಕು" ಎಂದಳು ಬ್ರೆಡ್ಡಕ್ಕ. ಹೇಳುತ್ತಾ ಹೇಳುತ್ತಾ ಆಕೆಗೆ ತನ್ನ ಮಾತೇ ಹೊಸದಾಗಿ ಕೇಳಿಸಿತು. ಇಷ್ಟು ವರ್ಷ ಈ ಮೇಜಿನ ಮೇಲೆ ಮಕ್ಕಳಿಗೆ ಬೇಕಾದದ್ದನ್ನೆಲ್ಲ ಕೈಯಳತೆಯಲ್ಲಿಟ್ಟು ಕೊಟ್ಟಿದ್ದಳು. ಕೊಟ್ಟದ್ದರ ಬಗ್ಗೆ ಆಕೆಗೆ ಯಾವ ಅನುಮಾನವೂ ಇರಲಿಲ್ಲ. ಹಗ್ಗದ ಆ ಕಡೆಯ ತುದಿ ಮಾತ್ರ ಒಬ್ಬ ತಾಯಿ ಕೊಡಬಹುದಾದ ವಸ್ತುವಲ್ಲ.

ಮರುದಿನ ಗಂಟೆ ಹೊಡೆಯುವ ಮೊದಲೇ ಆಕೆ ಶಾಲೆಯ ಜಗಲಿಯಲ್ಲಿ ಮೇಷ್ಟ್ರನ್ನು ಹಿಡಿದಳು. ಅಂಗಡಿಯ ಕಟ್ಟಳೆಯಿಂದ ಹಿಡಿದು ನಿನ್ನೆ ಸಂಜೆಯ ಮಾತಿನವರೆಗೆ ಎಲ್ಲ ಹೇಳಿದಳು. "ನಿನ್ನೆನೇ ಹೇಳಬೇಕಿತ್ತು ಸಾರ್. ಕಿಟಕಿ ಹತ್ರ ನಿಂತಾಗಲೇ ನನಗೆ ಗೊತ್ತಾಗಿತ್ತು. ವಾಪಸ್ ಕರ್ಕೊಂಡು ಹೋಗೋ ಆಸೆ ಇತ್ತು, ಸುಮ್ಮನಿದ್ದೆ."

ಮೇಷ್ಟ್ರು ಹಣೆ ಉಜ್ಜಿಕೊಂಡರು. ಹಣೆಗೂ ಸೀಮೆಸುಣ್ಣವಾಯಿತು. "ಅಯ್ಯೋ ಅಕ್ಕ. ಆದ್ರೆ ದಿನಾ ಹೆಸರು ಹಿಡಿದು ಕೇಳೋಕೆ ನನ್ನ ಕೈಲಿ ಆಗಲ್ಲ. ಎಷ್ಟು ಜನ ಇದ್ದಾರೆ ನೋಡಿ."

"ದಿನಾ ಬೇಡ. ಒಂದೇ ಒಂದು ಸಲ ಕೇಳಿ. ಬಾಗಿಲು ತೆಗೆದರೆ ಸಾಕು, ಆಮೇಲೆ ಅವಳೇ ಬರ್ತಾಳೆ. ಮನೇಲಿ ಪಿಟೀಲು ಅಂತೀವಿ."

ಭಟ್ಟಿಯ ಮುಂದೆ ಗಂಡ ಒಬ್ಬನೇ ಒದ್ದಾಡುತ್ತಿರುತ್ತಾನೆ ಎನ್ನುವುದನ್ನೂ ಮರೆತು ಆಕೆ ಮತ್ತೆ ಕಿಟಕಿಯ ಪಕ್ಕ ನಿಂತಳು. ಹಾಜರಿ ಮುಗಿಯಿತು. ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡು, ತಿರುಗಿ, "ಪಿಟೀಲು" ಎಂದರು.

ಕ್ಲಾಸು ಗೊಳ್ಳೆಂದಿತು. ಹುಡುಗಿ ಮಾತ್ರ ನಗುವನ್ನು ಲೆಕ್ಕಕ್ಕೇ ಇಡದೆ ಎದ್ದು ನಿಂತಳು. ಅವಳ ಮುಖ ಅರಳಿದ್ದನ್ನು ತಾಯಿ ನೋಡಿದಳು.

"ನಿನ್ನೆ ಬೋರ್ಡ್ ಮೇಲೆ ಬರೆದ ಲೆಕ್ಕ. ಮುಕ್ಕಾಲರಲ್ಲಿ ಅರ್ಧ ಎಂಟನೇ ಮೂರು. ಯಾಕೆ?"

"ಯಾಕಂದ್ರೆ ಮುಕ್ಕಾಲು ಕೇಜಿ ಹಿಟ್ಟನ್ನ ಎರಡು ಟಿನ್ನಿಗೆ ಹಾಕಿದ್ರೆ ಸಾರ್, ಒಂದೊಂದಕ್ಕೂ ಕಾಲು ಕೇಜಿ ಬರುತ್ತೆ, ಇನ್ನೊಂದು ಕಾಲು ಕೇಜಿ ಉಳಿಯುತ್ತೆ. ಅದನ್ನೂ ಎರಡು ಮಾಡ್ಬೇಕು. ಆಗ ಅರೆಕಾಲು. ಕಾಲಿನ ಜೊತೆ ಅರೆಕಾಲು ಸೇರಿದ್ರೆ ಎಂಟನೇ ಮೂರು."

ಮೇಷ್ಟ್ರು, "ಕೂತ್ಕೊ" ಎಂದರು. ಆಮೇಲೆ ಯಾರ ಕಡೆಯೂ ನೋಡದೆ, "ಯಾರು ಹೇಳ್ತೀರಾ ಮಕ್ಕಳೇ, ಅರ್ಧದಲ್ಲಿ ಮುಕ್ಕಾಲು ಎಷ್ಟು?" ಎಂದರು.

ಬ್ರೆಡ್ಡಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. ಪಿಟೀಲು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕೈ ಭುಜದವರೆಗೆ ಬಂದು ನಿಂತಿತು. ಮುಂದಿನ ಬೆಂಚಿನ ಹುಡುಗ ಎದ್ದು ಏನೋ ತಪ್ಪು ಹೇಳಿದ. ಕೈ ಕಿವಿಯವರೆಗೆ ಹೋಯಿತು. ಇನ್ನೊಬ್ಬಳು ತಪ್ಪು ಹೇಳಿದಳು. ಆಗ ಕೈ ನೆಟ್ಟಗೆ ಮೇಲೆದ್ದು, ಅದರ ಹಿಂದೆ ಹುಡುಗಿಯೂ ಬೆಂಚಿನಿಂದ ಅರ್ಧ ಎದ್ದಳು. "ಸಾರ್, ಅದೂ ಎಂಟನೇ ಮೂರೇ. ಹಿಂದೆಮುಂದೆ ಮಾಡಿ ಕೇಳ್ತಿದ್ದೀರಾ ಅಷ್ಟೇ."

ಬ್ರೆಡ್ಡಕ್ಕ ಸರಳು ಬಿಟ್ಟಳು. ಅಂಗಳ ದಾಟುವಾಗ, ನಿನ್ನೆ ಬಾರದಿದ್ದ ಸ್ತೋತ್ರ ತಾನಾಗಿ ಬಾಯಿಗೆ ಬಂತು.

ವಾರ ಕಳೆಯುವಷ್ಟರಲ್ಲಿ ಮೇಷ್ಟ್ರು ಮತ್ತೆ ಬನ್ನಿನ ತಟ್ಟೆಯ ಹತ್ತಿರ ಬಂದರು. ಈ ಸಲದ ದೂರು ಬೇರೆ. "ಅಕ್ಕ, ಈಗ ನಿಲ್ಲಿಸೋಕೆ ಆಗ್ತಿಲ್ಲ. ಹೆಡ್‌ಮಿಸ್ಸು ಬಾಗಿಲಲ್ಲಿ ನಿಂತು, 'ಯಾರದು ಇಷ್ಟು ಗಲಾಟೆ?' ಅಂದ್ರು. ಎಲ್ಲ ಗಪ್‌ಚಿಪ್. ಇವಳೊಬ್ಬಳು ಕೈ ಎತ್ತಿ, 'ನಾನು ಮಿಸ್, ಆಮೇಲೆ ಇವರಿಬ್ಬರು' ಅಂದ್ಲು."

"ಸುಳ್ಳು ಹೇಳೋದನ್ನ ನಾವು ಕಲಿಸಿಲ್ಲ ಸಾರ್" ಎಂದಳು ಬ್ರೆಡ್ಡಕ್ಕ. "ಅದನ್ನ ಶಾಲೆ ಕಲಿಸದಿದ್ರೆ ಸಾಕು."

ಶನಿವಾರ ಹೆಡ್‌ಮಿಸ್ಸಿನ ಕೋಣೆಗೆ ಹೋಗಿ ಮಗಳ ದಾಖಲೆ ಮಾಡಿಸಿದಳು. ಹೆಬ್ಬೆಟ್ಟಿನ ತುದಿಯಲ್ಲಿ ಒಣಗಿದ ಹಿಟ್ಟಿತ್ತು. ಸಹಿ ಮಾಡುವಾಗ ಅದು ಕಾಗದದ ಮೇಲೆ ಉದುರಿತು, ಊದಿ ಹಾರಿಸಿದಳು.

ಸುದ್ದಿ ಆಕೆಗಿಂತ ಮುಂಚೆಯೇ ಸಭೆಗೆ ಮುಟ್ಟಿತ್ತು. ಭಾನುವಾರ ಆರಾಧನೆ ಮುಗಿದು ಬೆಂಚು ಸರಿಸುತ್ತಿದ್ದಾಗ ಹೆಂಗಸರು ಸುತ್ತ ಸೇರಿದರು. ದರ್ಜಿಯ ಹೆಂಡತಿಯ ಕಣ್ಣು ಆಗಲೇ ಕೆಂಪಾಗಿತ್ತು.

"ನೀವೇ ಕಳಿಸಿದ ಮೇಲೆ ನಮಗೇನು ದಾರಿ ಅಕ್ಕ? ನಿಮ್ಮನ್ನ ನೋಡಿ ನಾನು ಇಬ್ಬರನ್ನೂ ಬಿಡಿಸಿದ್ದು. ಈಗ ನನ್ನ ನಾದಿನಿ, 'ನಿಮ್ಮ ಬ್ರೆಡ್ಡಕ್ಕನೇ ಸೋತಳಂತೆ' ಅಂತ ಮೂಗು ಮುರೀತಾಳೆ."

ಬ್ರೆಡ್ಡಕ್ಕ ಹಿಡಿದ ಬೆಂಚನ್ನು ಕೆಳಗಿಟ್ಟಳು. ಈ ಮಾತಿಗೆ ತಾನು ಎಷ್ಟು ಹೆದರಿದ್ದಳು ಎಂದು ನೆನೆದು ಆಕೆಗೇ ಆಶ್ಚರ್ಯವಾಯಿತು. ಈಗ ಹೆದರಿಕೆ ಇರಲಿಲ್ಲ.

"ಸೋತಿಲ್ಲ ಕಣಮ್ಮ. ದೊಡ್ಡವಳನ್ನ ಮನೆಗೆ ಕರ್ಕೊಂಡು ಬಂದದ್ದು ಸರಿಯಾಗಿತ್ತು. ಇವಳನ್ನ ಕಳಿಸಿದ್ದೂ ಸರಿಯಾಗಿದೆ. ದೇವರು ಒಬ್ಬನೇ ಆದ್ರೂ ನನ್ನ ಇಬ್ಬರು ಮಕ್ಕಳು ಒಂದೇ ಅಲ್ವಲ್ಲ. ನಿನ್ನ ಹುಡುಗರು ಶಾಲೆಗೆ ಹೋಗ್ತೀವಿ ಅಂತ ಕೇಳಿದ್ರಾ?"

"ಇಲ್ಲ. ಚಿಕ್ಕವನಿಗೆ ನಿಮ್ಮ ಮೇಜು ಬಿಟ್ಟು ಬರೋಕೇ ಮನಸ್ಸಿಲ್ಲ. ಬನ್ನು ಸಿಗುತ್ತಲ್ಲ."

"ಹಾಗಾದ್ರೆ ಅವನನ್ನ ಅಲ್ಲೇ ಬಿಡು. ಕೇಳಿದ ದಿನ ನೋಡೋಣ. ಯಾರೋ ನೋಡಿ ನಕ್ಕರು ಅಂತ ಕಳಿಸಬೇಡ, ನನ್ನನ್ನ ನೋಡ್ಕೊಂಡು ಇಟ್ಕೊಳ್ಳಲೂ ಬೇಡ. ಆದ್ರೆ ಒಂದು ಬದಲಾವಣೆ. ಇನ್ಮೇಲೆ ಒಬ್ಬ ಬೆಳಿಗ್ಗೆ ಒಬ್ಬ ಮಧ್ಯಾಹ್ನ ಅನ್ನೋದು ಬೇಡ. ಇಬ್ಬರೂ ಒಟ್ಟಿಗೆ ಬರಲಿ. ಇಬ್ಬರಿಗೂ ಒಂದೇ ಪ್ರಶ್ನೆ ಹಾಕ್ತೀನಿ, ಕಿತ್ತಾಡಲಿ."

"ಈಗಲೇ ಕಿತ್ತಾಡ್ತಾರಲ್ಲ ಅಕ್ಕ."

"ಲೆಕ್ಕಕ್ಕೆ ಕಿತ್ತಾಡಿದ್ರೆ ಒಳ್ಳೇದೇ."

ದರ್ಜಿಯ ಹೆಂಡತಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಅರ್ಧ ಮನಸ್ಸಿನಿಂದ ನಕ್ಕಳು. "ಹಾಗಾದ್ರೆ ನಾಳೆ ಮಧ್ಯಾಹ್ನ ಇಬ್ಬರನ್ನೂ ಕಳಿಸ್ಲಾ?"

"ಕಳಿಸು. ಸ್ವಲ್ಪ ಬೇಗನೇ ಕಳಿಸು. ಪಿಟೀಲು ಶಾಲೆಯಿಂದ ಬರೋದ್ರೊಳಗೆ ಪಾಠ ಮುಗೀಬೇಕು. ಅವಳು ಬಂದ್ಲು ಅಂದ್ರೆ ಬೇರೆ ಯಾರಿಗೂ ಉತ್ತರ ಹೇಳೋಕೆ ಬಿಡಲ್ಲ."